ದುಬೈ ಬಿಟ್ಟು ಬಂದ ಮೇಲೂ ಡಾಲರ್ ಖಾತೆ: ಆರ್‌ಎಫ್‌ಸಿ ತೆರೆಯುವುದು ಹೀಗೆ

ನಮ್ಮ ಭಾವ 22 ವರ್ಷ ದುಬೈನಲ್ಲಿ ದುಡಿದು ಊರಿಗೆ ಬಂದರು. ಕಂಪನಿ ಕೊಟ್ಟ ಗ್ರಾಚ್ಯುಟಿ ಹಣ ಡಾಲರ್‌ನಲ್ಲೇ ಇರಲಿ, ಮಗಳು ಅಮೆರಿಕಕ್ಕೆ ಓದಲು ಹೋಗುವಾಗ ಫೀಸಿಗಾಗುತ್ತದೆ ಅಂತ ಅವರ ಲೆಕ್ಕ. ಆದರೆ ಹಣ ಬಂದು ಬಿದ್ದದ್ದು ಹಳೇ ಎನ್‌ಆರ್‌ಇ ಖಾತೆಗೆ. ಬೆಳಿಗ್ಗೆ ಮೊಬೈಲ್ ನೋಡಿದರೆ ಅಷ್ಟೂ ರೂಪಾಯಿ ಆಗಿಹೋಗಿತ್ತು.

ಎನ್‌ಆರ್‌ಇ ಅಂದರೆ ಅನಿವಾಸಿ ಭಾರತೀಯರ ರೂಪಾಯಿ ಖಾತೆ. ಅಲ್ಲಿಂದ ಮತ್ತೆ ಡಾಲರ್ ಮಾಡಿಸಬಹುದು, ಆದರೆ ಬ್ಯಾಂಕ್ ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ಉದಾಹರಣೆಗೆ ಕೊಳ್ಳುವುದು 82.50, ಮಾರುವುದು 84 ಅಂತ ಇಟ್ಟುಕೊಳ್ಳಿ. 40,000 ಡಾಲರ್ ಹೋಗಿ 33 ಲಕ್ಷ ರೂಪಾಯಿ ಆಯಿತು. ಅದೇ 33 ಲಕ್ಷ ವಾಪಸ್ ಡಾಲರ್ ಆಗುವಾಗ ಸುಮಾರು 39,286. ಸುಮ್ನೆ 700 ಡಾಲರ್ ಕೈಬಿಟ್ಟಿತು, ಅಲ್ವಾ?

ಹಾಗಾಗಿ ಹಣ ಕಳಿಸುವ ಮೊದಲೇ ಖಾತೆ ತೆರೆಯಿರಿ. ಊರಿಗೆ ವಾಪಸ್ ಬಂದು ನೆಲೆಸಿದವರಿಗೆ ಇರುವ ಖಾತೆಯ ಹೆಸರು ಆರ್‌ಎಫ್‌ಸಿ, ಅಂದರೆ ರೆಸಿಡೆಂಟ್ ಫಾರಿನ್ ಕರೆನ್ಸಿ. ವಿದೇಶದ ಕಂಪನಿಯ ಪಿಂಚಣಿ, ನಿವೃತ್ತಿ ಹಣ, ಅಲ್ಲಿದ್ದಾಗ ಮಾಡಿದ ಆಸ್ತಿ ಮಾರಿದ ದುಡ್ಡು ಇದಕ್ಕೆ ಹಾಕಬಹುದು. ಇಲ್ಲಿನ ಸಂಬಳದಲ್ಲಿ ಡಾಲರ್ ಕೊಂಡು ತುಂಬಿಸಲು ಬರುವುದಿಲ್ಲ.

ಬ್ಯಾಂಕಿಗೆ ಹೋಗುವಾಗ ಪಾಸ್‌ಪೋರ್ಟ್, ಪ್ಯಾನ್, ಹಳೇ ವೀಸಾ, ಹಣ ಎಲ್ಲಿಂದ ಬಂತು ಅನ್ನುವ ದಾಖಲೆ ಒಯ್ಯಿರಿ. ಎಲ್ಲ ಶಾಖೆಯಲ್ಲೂ ಈ ಖಾತೆ ಗೊತ್ತಿರುವುದಿಲ್ಲ, ವಿದೇಶಿ ವಿನಿಮಯ ನೋಡುವ ಶಾಖೆ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಸೇವಿಂಗ್ಸ್, ಕರೆಂಟ್, ಠೇವಣಿ ಮೂರೂ ರೂಪದಲ್ಲಿ ತೆರೆಯಲು ನಿಯಮದಲ್ಲಿ ಅವಕಾಶ ಇದೆ. ಆದರೆ ಯಾವ ಕರೆನ್ಸಿ ಅನ್ನುವುದು ಬ್ಯಾಂಕಿನ ಮೇಲೆ. ದಿರ್ಹಮ್ ಖಾತೆಯೇ ಬೇಕು ಅಂತ ಹಟ ಬೇಡ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ಕಟ್ಟಿಹಾಕಿದ್ದಾರೆ, ಡಾಲರ್ ಇಟ್ಟರೂ ಒಂದೇ.

ನೋಟುಗಳನ್ನೇ ತರುವುದಾದರೆ 5,000 ಡಾಲರ್‌ಗಿಂತ ಜಾಸ್ತಿ ಇದ್ದಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಿಡಿಎಫ್ ಫಾರಂ (ತಂದ ವಿದೇಶಿ ಹಣದ ಘೋಷಣೆ) ತುಂಬಿಸಿ, ಪ್ರತಿ ಇಟ್ಟುಕೊಳ್ಳಿ. ಆ ಹಾಳೆ ಇಲ್ಲದೆ ಬ್ಯಾಂಕಿನಲ್ಲಿ ಪೀಕಲಾಟ.

ವಿದೇಶದಲ್ಲಿದ್ದಾಗಲೇ ಎಫ್‌ಸಿಎನ್‌ಆರ್, ಅಂದರೆ ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲೇ ಇಡುವ ಠೇವಣಿ ಮಾಡಿದ್ದವರು ಗಾಬರಿಯಾಗಿ ಮುರಿಯಬೇಡಿ. ಊರಿಗೆ ಬಂದ ಮೇಲೂ ಅವಧಿ ಮುಗಿಯುವವರೆಗೆ ಅದೇ ಬಡ್ಡಿಗೆ ಮುಂದುವರಿಸಬಹುದು, ಆಮೇಲೆ ಆರ್‌ಎಫ್‌ಸಿಗೆ ಹಾಕಿಸಿದರಾಯಿತು. ಒಂದು ವರ್ಷದ ಒಳಗೆ ಮುರಿದರೆ ಬಡ್ಡಿ ಒಂದು ಕಾಸೂ ಇಲ್ಲ.

ತೆರಿಗೆ ವಿಷಯ ಸ್ವಲ್ಪ ಜಾಣತನ ಕೇಳುತ್ತದೆ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಆರ್‌ಎನ್‌ಒಆರ್ ಎಂಬ, ನಿವಾಸಿ ಮತ್ತು ಅನಿವಾಸಿಯ ನಡುವಿನ ಸ್ಥಿತಿ ಸಿಗುತ್ತದೆ: ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಅಥವಾ ಕಮ್ಮಿ. ಆ ಅವಧಿಯಲ್ಲಿ ಆರ್‌ಎಫ್‌ಸಿ ಠೇವಣಿಯ ಬಡ್ಡಿಗೆ ತೆರಿಗೆ ಇಲ್ಲ. ಎನ್‌ಆರ್‌ಇ ಬಡ್ಡಿಗೆ ಈ ರಿಯಾಯಿತಿ ಇಲ್ಲ, ನೆಲೆಸಲು ಬಂದ ಮೇಲೆ ಅದಕ್ಕೆ ತೆರಿಗೆ ಶುರು. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಇಷ್ಟೆಲ್ಲ ಯಾರಿಗೆ ಬೇಕು? ಮನೆ ಕಟ್ಟಿಸುವವರಿಗೆ ಬೇಡ, ಸಿಮೆಂಟಿಗೆ ರೂಪಾಯಿಯೇ ಕೊಡಬೇಕು. ಡಾಲರ್ ಏರುತ್ತದೆ ಅಂತ ಕಾಯುವುದಕ್ಕೂ ನಾನು ಹೇಳುವುದಿಲ್ಲ. 2014ರಲ್ಲಿ 60ರ ಸುಮಾರಿಗಿದ್ದದ್ದು 2024ರಲ್ಲಿ 83 ದಾಟಿತು ನಿಜ, ಆದರೆ ಅಷ್ಟೂ ವರ್ಷ ರೂಪಾಯಿ ಠೇವಣಿಗೆ ಬಡ್ಡಿ ಜಾಸ್ತಿ ಇತ್ತಲ್ಲ. ಮಕ್ಕಳ ಫೀಸು ಡಾಲರ್‌ನಲ್ಲಿ ಕಟ್ಟುವವರಿಗೆ ಮಾತ್ರ ಇದು ಸರಿಯಾದ ಜಾಗ. ಈ ಖಾತೆಯ ಹಣ ಹೊರಗೆ ಕಳಿಸಲು, ಇಲ್ಲಿನ ನಿವಾಸಿಗಳಿಗೆ ಇರುವ ವರ್ಷಕ್ಕೆ 2.5 ಲಕ್ಷ ಡಾಲರ್ ಎಂಬ ಮಿತಿಯೂ ಅಡ್ಡ ಬರುವುದಿಲ್ಲ.

ಮತ್ತೆ ಕೆಲಸಕ್ಕೆ ಹೊರಗೆ ಹೊರಟರೆ ಆರ್‌ಎಫ್‌ಸಿ ಹಣ ಎನ್‌ಆರ್‌ಇ ಅಥವಾ ಎಫ್‌ಸಿಎನ್‌ಆರ್‌ಗೆ ಹೋಗುತ್ತದೆ. ಭಾವನಿಗೆ ಈಗ ಮಸ್ಕತ್‌ನಿಂದ ಫೋನ್ ಬರುತ್ತಿದೆ. ಈ ಸಲ ಖಾತೆಯ ಫಾರಂ ಮೊದಲೇ ತರಿಸಿಕೊಂಡಿದ್ದಾರೆ.