ಗೋಡೆಗೆ ಶೀಟ್ ಸೇರುವ ಸಂದಿಯ ಸೋರಿಕೆಗೆ ಎರಡು ತಗಡಿನ ಪಟ್ಟಿ

ಮಲೆನಾಡಿನಲ್ಲಿ ಗೋಡೆಗೆ ಆನಿಸಿ ಇಳಿಸಿದ ಶೀಟಿನ ಸಂದಿಗೆ ಸಾಮಾನ್ಯವಾಗಿ ಸಿಮೆಂಟ್ ಮೆತ್ತುತ್ತಾರೆ. ಅದು ಬಾಳುವುದಿಲ್ಲ. ಶೀಟ್ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ, ಗೋಡೆ ಅಷ್ಟು ಅಲುಗುವುದಿಲ್ಲ. ನಡುವಿನ ಗಾರೆ ಕೂದಲೆಳೆಯಷ್ಟು ಬಿರಿದರೂ ಗಾಳಿಮಳೆ ಒಳಗೆ ಇಳಿಯುತ್ತದೆ. ಅದಕ್ಕೇ ನಾನು ಒಂದರ ಬದಲು ಎರಡು ಪಟ್ಟಿ ಹಾಕಿದೆ: ಕೆಳಪಟ್ಟಿಯನ್ನು ಶೀಟ್ ಹಿಡಿದಿದೆ, ಮೇಲ್ಪಟ್ಟಿಯನ್ನು ಗೋಡೆ. ಎರಡಕ್ಕೂ ಪರಸ್ಪರ ಸ್ಕ್ರೂ ಇಲ್ಲ.

ಗೋಡೆಯ ಉದ್ದ 18 ಅಡಿ. 0.5 ಮಿ.ಮೀ. ಕಲರ್ ಕೋಟೆಡ್ ತಗಡನ್ನು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಡಿಸಿ ತಂದೆ. ಅಲ್ಯೂಮಿನಿಯಂ ಬೇಡವೆಂದೆ, ಹಸಿ ಸಿಮೆಂಟ್ ಅದನ್ನು ತಿನ್ನುತ್ತದೆ. ಕೆಳಪಟ್ಟಿ ಶೀಟಿನ ಮೇಲೆ 8 ಅಂಗುಲ, ಗೋಡೆಯ ಮೇಲೆ 6 ಅಂಗುಲ. ಮಡಿಕೆಯ ಕೋನ 90 ಡಿಗ್ರಿ ಅಲ್ಲ, ಮಾಡಿನ ಇಳಿಜಾರಿನಷ್ಟು ಹೆಚ್ಚು ಬೇಕು. ರಟ್ಟು ಕತ್ತರಿಸಿ ಅಳತೆ ಕೊಟ್ಟರೆ ತಪ್ಪುವುದಿಲ್ಲ. ಇದನ್ನು ಶೀಟಿನ ಏರಿನ ಮೇಲೆ ಮಾತ್ರ ರಬ್ಬರ್ ವಾಷರಿನ ಸ್ಕ್ರೂ ಹಾಕಿ ಬಿಗಿದೆ. ಬಿಗಿಯುವ ಮೊದಲೇ ಪಟ್ಟಿಯ ಕೆಳಗೆ ಬರುವ ಶೀಟಿನ ತಗ್ಗುಗಳಿಗೆ ಫೋಮ್ ತುಂಬಿ, ಶೀಟಿನ ಮೇಲ್ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಬಗ್ಗಿಸಿದ್ದೆ. ಗಾಳಿ ನೀರನ್ನು ಮೇಲಕ್ಕೂ ನೂಕುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಗೋಡೆಯ ಗಾಡಿ, ಅಂದರೆ ಮೇಲ್ಪಟ್ಟಿಯ ಅಂಚು ತೂರಿಸಲು ಗೋಡೆಯಲ್ಲಿ ಉದ್ದಕ್ಕೆ ಕೊಯ್ಯುವ ಸೀಳು. ಶೀಟಿನಿಂದ 7 ಅಂಗುಲ ಮೇಲೆ ಕಟಿಂಗ್ ಮಶಿನ್‌ನಲ್ಲಿ 8 ಮಿ.ಮೀ. ಅಗಲ, ಒಂದೂಕಾಲು ಅಂಗುಲ ಆಳಕ್ಕೆ ಕೊಯ್ದೆ. ಗಾರೆಯಷ್ಟೇ ಕೊಯ್ದು ನಿಲ್ಲಿಸಬಾರದು, ಕಲ್ಲಿಗೆ ತಾಗಬೇಕು. ಇಲ್ಲವಾದರೆ ಗಾರೆ-ಕಲ್ಲಿನ ನಡುವೆ ಇಳಿಯುವ ನೀರು ಪಟ್ಟಿಯ ಹಿಂದಿನಿಂದಲೇ ಬರುತ್ತದೆ. ಮೇಲ್ಪಟ್ಟಿಯ 1 ಅಂಗುಲ ಗಾಡಿಯೊಳಗೆ, 4 ಅಂಗುಲ ಕೆಳಗೆ. ಅದರಲ್ಲಿ 3 ಅಂಗುಲ ಕೆಳಪಟ್ಟಿಯನ್ನು ಮುಚ್ಚುತ್ತದೆ. ತಗಡಿನ ಚೂರು ಮಡಿಸಿ ಒಂದೂವರೆ ಅಡಿಗೊಂದು ಬೆಣೆ ಹೊಡೆದೆ. ಧೂಳು ಪೂರ್ತಿ ಉಜ್ಜಿ ತೆಗೆದು, ಗೋಡೆ ಒಣಗಿದ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿದೆ. ಧೂಳಿದ್ದರೆ ಎಷ್ಟು ಒಳ್ಳೆಯ ಸೀಲಂಟ್ ಆದರೂ ಸಿಪ್ಪೆಯಂತೆ ಕಿತ್ತು ಬರುತ್ತದೆ. ಜೋಡಣೆಗಳಲ್ಲಿ 4 ಅಂಗುಲ ಹೊದಿಕೆ, ಮಳೆ ಹೊಡೆಯುವ ದಿಕ್ಕಿಗೆ ಬಾಯಿ ತೆರೆಯದಂತೆ.

ಇದು ಏಪ್ರಿಲ್‌ನೊಳಗೆ ಮುಗಿಯಬೇಕಾದ ಕೆಲಸ. ಪರೀಕ್ಷೆಗೆ ಪೈಪಿನ ನೀರನ್ನು ಮೊದಲು ಶೀಟಿನ ಮೇಲೆ, ಆಮೇಲೆ ಪಟ್ಟಿಗೆ, ಕೊನೆಗೆ ಗಾಡಿಯ ಮೇಲಿನ ಗೋಡೆಗೆ, ತಲಾ 10 ನಿಮಿಷ ಬಿಡಿ. ಕೊನೆಯ ಹಂತದಲ್ಲಿ ಮಾತ್ರ ಒಳಗೆ ತೇವ ಕಂಡರೆ ಪಟ್ಟಿಯನ್ನು ಬಿಚ್ಚಬೇಡಿ, ಮೊದಲು ಗಾಡಿಯ ಸೀಲಂಟ್ ಬಿಟ್ಟಿದೆಯೇ ನೋಡಿ, ಮೇಲಿನ ಗಾರೆಯ ಬಿರುಕು ಹುಡುಕಿ.