ಬಸ್ಸಿಗೆ ಹೋಗುವ ಮೊದಲೇ ಕೊಲೆಸ್ಟ್ರಾಲ್ ವರದಿ

ಬೆರಳ ರಕ್ತದಲ್ಲಿ ಕೊಲೆಸ್ಟ್ರಾಲ್ ನೋಡುವ ಯಂತ್ರವನ್ನು ನನ್ನ ಲ್ಯಾಬಿಗೆ ತಂದಾಗ ಗದಗಿನ ಲ್ಯಾಬ್ ಗೆಳೆಯರು ನಕ್ಕಿದ್ದರು. ಈಗ ಅವರಲ್ಲಿಬ್ಬರು ನನ್ನಲ್ಲೇ ಸ್ಟ್ರಿಪ್ (ರಕ್ತದ ಹನಿ ಹಾಕುವ ಪಟ್ಟಿ) ಕಡ ಕೇಳುತ್ತಾರೆ.

ಪಕ್ಕದ ದವಾಖಾನೆಯ ವೈದ್ಯರು ಸಕ್ಕರೆ ಕಾಯಿಲೆಯವರಿಗೆ ‘ಕೊಲೆಸ್ಟ್ರಾಲ್ ನೋಡಲು ನಾಳೆ ಬರಿಹೊಟ್ಟೆಯಲ್ಲಿ ಬನ್ನಿ’ ಎಂದರೆ ರೋಣ, ಮುಂಡರಗಿ ಕಡೆಯವರು ಮತ್ತೆ ಬರುವುದು ಮೂರು ತಿಂಗಳಿಗೆ, ಅದೂ ರೊಟ್ಟಿ ತಿಂದೇ. ಹಾಗಾಗಿ ಸುಮಾರು ಹದಿನೈದು ಸಾವಿರ ಸುರಿದೆ. ಸ್ಟ್ರಿಪ್ ಒಂದಕ್ಕೆ ನಾನೂರರ ಆಸುಪಾಸು, ನಾನು ಪಡೆಯುವುದು ಐನೂರು. ಮೊದಲ ಡಬ್ಬಿಗಳಲ್ಲಿ ಹತ್ತಕ್ಕೆ ಮೂರು ಹಾಳಾದವು. ಲಾಭ ಹಾಗಿರಲಿ, ಕೈಯಿಂದಲೇ ಹೋಯಿತು.

ಕಾರಣ ಬೆರಳು. ಗ್ಲುಕೋಮೀಟರಿಗೆ ಒಂದು ಮೈಕ್ರೋಲೀಟರ್ ಸಾಕು, ಇದಕ್ಕೆ 35–40 ಬೇಕು. ಕಳೆ ಕಿತ್ತು ದಡ್ಡುಗಟ್ಟಿದ ಬೆರಳಿನಿಂದ ಅಷ್ಟು ಬರುವುದಿಲ್ಲ. ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ಇಳಿಯುತ್ತದೆ. ಬಿಸಿನೀರಿನಲ್ಲಿ ಕೈ ಅದ್ದಿಸಿ, ಚೆನ್ನಾಗಿ ಒರೆಸಿ, ಉಂಗುರ ಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ ಬಿಡುತ್ತೇನೆ. ಆಮೇಲಿನದೊಂದು ಕೈಚಳಕವಿದೆ, ಅದು ನನ್ನಲ್ಲೇ ಇರಲಿ.

ಚಳಿಗಾಲದಲ್ಲಿ ಒಬ್ಬ ತಾಯಿಗೆ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಐನೂರು ದಾಟಿತು. ಒಡೆದ ಕೈಗೆ ಗ್ಲಿಸರಿನ್ ಸವರಿಕೊಂಡು ಬಂದಿದ್ದರು. ಸ್ಟ್ರಿಪ್ ಅಳೆಯುವುದೇ ಟ್ರೈಗ್ಲಿಸರೈಡ್ ಒಡೆದು ಬರುವ ಗ್ಲಿಸರಾಲನ್ನು. ಕೈಮೇಲಿನದನ್ನೂ ಲೆಕ್ಕಕ್ಕೆ ಹಿಡಿದಿತ್ತು. ಕೈ ತೊಳೆಸಿ ಬೇರೆ ಬೆರಳು ಚುಚ್ಚಿದರೆ ನೂರಾ ತೊಂಬತ್ತು. ನಾನೂರು ರೂಪಾಯಿ ಗ್ಲಿಸರಿನ್ ಪಾಲಾಯಿತು.

ಏಪ್ರಿಲ್ ಮಧ್ಯಾಹ್ನಗಳಲ್ಲಿ ಯಂತ್ರವೂ ಮುಷ್ಕರ ಹೂಡುತ್ತದೆ, ಬಿಸಿ ಹೆಚ್ಚಾಯಿತೆಂದು. ಬೇಸಿಗೆಯಲ್ಲಿ ಹನ್ನೊಂದರೊಳಗೆ ಮುಗಿಸುತ್ತೇನೆ.

ಉಂಡು ಬಂದವರ ಗತಿ? ಗಿರ್ಮಿಟ್, ಮಿರ್ಚಿ ಹೊಡೆದು ಮೂರು ತಾಸಿನ ನಂತರ ನನ್ನದೇ ಬೆರಳು ಚುಚ್ಚಿ ನೋಡಿದೆ. ಟ್ರೈಗ್ಲಿಸರೈಡ್ 150ರಿಂದ 210ರ ಮೇಲೇರಿತು. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ಹೆಚ್ಚುಕಡಿಮೆ ಅಲ್ಲೇ ಇದ್ದವು. ಹೀಗಾಗಿ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದ ಅಂಕಿಯನ್ನು ದಪ್ಪಗೆ ಬರೆಯುತ್ತೇನೆ. ಟ್ರೈಗ್ಲಿಸರೈಡ್ 400 ಮೀರಿದರೆ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಲೆಕ್ಕ ಹೇಗೂ ನಿಲ್ಲುವುದಿಲ್ಲ; ಅಂಥವರ ರಕ್ತವನ್ನು ರಕ್ತನಾಳದಿಂದ ತೆಗೆದು ಹುಬ್ಬಳ್ಳಿಗೆ ಕಳಿಸುತ್ತೇನೆ. ಆಗೀಗ ಉಳಿದವರದನ್ನೂ ತಾಳೆಗೆ ಕಳಿಸುವುದುಂಟು: ಒಟ್ಟು ಕೊಲೆಸ್ಟ್ರಾಲಿನಲ್ಲಿ ಶೇ. ಹತ್ತರೊಳಗಿನ ಫರಕು, ಎಚ್‌ಡಿಎಲ್ ತುಸು ಚಂಚಲ.

ವೈದ್ಯರಿಗೆ ಹೆಚ್ಚು ಹಿಡಿಸಿದ್ದು ಬೇರೆಯೇ. ‘ಗುಳಿಗೆ ತಪ್ಪಿಸಿಲ್ಲ’ ಎಂದ ಹಿರಿಯರೊಬ್ಬರ ಅಂಕಿ ಕಿಂಚಿತ್ತೂ ಇಳಿದಿರಲಿಲ್ಲ. ವರದಿ ಎದುರಿಗಿಟ್ಟ ಮೇಲೆ, ‘ಎರಡು ತಿಂಗಳಾಯಿತು ಸಾಹೇಬರೇ, ಬಿಟ್ಟಿದ್ದೇನೆ’ ಎಂದರು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯ ಚೀಟಿ ಅಲ್ಲೇ ಮತ್ತೆ ಬರೆಯಲಾಯಿತು.

ತಿಂಗಳಿಗೆ ಮೂವತ್ತು ಪರೀಕ್ಷೆ ಇಲ್ಲದಿದ್ದರೆ ಇದಕ್ಕೆ ಕೈಹಾಕಬೇಡಿ. ಅವಧಿ ಮುಗಿದ ಸ್ಟ್ರಿಪ್‌ಗಳೇ ಲಾಭ ನುಂಗುತ್ತವೆ. ನಾವು ಮೂವರು ಡಬ್ಬಿ ಹಂಚಿಕೊಳ್ಳುತ್ತೇವೆ. ಯಾರಿಂದ ತರಿಸುತ್ತೇವೆ ಎಂದು ಮಾತ್ರ ಕೇಳಬೇಡಿ.