ಟವರ್ ಸತ್ತಾಗಲೂ ಸಂದೇಶ ಹೋಗಲಿ: ಊರಿಗೊಂದು ಮೆಶ್ ರೇಡಿಯೊ ಜಾಲ

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಪುನರ್ವಸು ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು. ಟವರ್‌ನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಸತ್ತಂತೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿ ಬಂದ್ ಆದದ್ದನ್ನು ಕಂಡವರಿಗೆ ಅಂಥ ಹೊತ್ತಿನಲ್ಲಿ ‘ನಾವು ಕ್ಷೇಮ’ ಎಂಬ ಎರಡು ಪದಗಳ ಬೆಲೆ ಗೊತ್ತು. ಅಷ್ಟನ್ನು ಟವರ್, ಸಿಮ್, ಇಂಟರ್‌ನೆಟ್ ಯಾವುದೂ ಇಲ್ಲದೆ ಗುಡ್ಡದಾಚೆಗೆ ದಾಟಿಸುವ ಜಾಲವನ್ನು ಊರಿನವರೇ ಕಟ್ಟಿಕೊಳ್ಳಬಹುದು. ಮಳೆಗಾಲಕ್ಕೆ ಮುಂಚೆ ಕಟ್ಟಬೇಕು, ಅಷ್ಟೇ.

ಇದಕ್ಕೆ ಬೇಕಾದ ತಂತ್ರಾಂಶ ಮೆಶ್‌ಟಾಸ್ಟಿಕ್. 2020ರಲ್ಲಿ ಶುರುವಾದದ್ದು, ಉಚಿತ, ಮುಕ್ತ. ಅಂಗೈಯಗಲದ ಒಂದು ರೇಡಿಯೊ ಬೋರ್ಡು ಬ್ಲೂಟೂತ್ ಮೂಲಕ ನಿಮ್ಮ ಫೋನಿಗೆ ಕೂಡಿಕೊಳ್ಳುತ್ತದೆ. ಫೋನಿನಲ್ಲಿ ಬರೆದದ್ದನ್ನು ಬೋರ್ಡು ಲೋರಾ ಎಂಬ ವಿಧಾನದಲ್ಲಿ ಗಾಳಿಗೆ ಬಿಡುತ್ತದೆ. ಕೇಳಿಸಿಕೊಂಡ ಇನ್ನೊಂದು ಬೋರ್ಡು ಅದನ್ನೇ ಮತ್ತೆ ಬಿಟ್ಟು ಮುಂದಕ್ಕೆ ದಾಟಿಸುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಹೆಣೆದ ಜಾಲವೇ ಮೆಶ್. ಮಾತು, ಫೋಟೊ ಆಗದು. ಬಹಳ ನಿಧಾನವಾಗಿ ಕಳಿಸುವುದರಿಂದಲೇ ಕ್ಷೀಣ ಸಿಗ್ನಲ್ಲೂ ದೂರದಲ್ಲಿ ಅರ್ಥವಾಗುತ್ತದೆ.

ಕೊಳ್ಳುವಾಗ

868 ಮೆಗಾಹರ್ಟ್ಸ್ ಎಂದು ಬರೆದಿರುವ ಬೋರ್ಡನ್ನೇ ಕೇಳಿ, 433ರದ್ದು ಬೇಡ. ಮನೆಯಲ್ಲಿಡಲು ಹೆಲ್‌ಟೆಕ್ ವಿ3 ಸಾಕು. ಗುಡ್ಡದ ಮೇಲೆ ಸೋಲಾರ್‌ನಲ್ಲಿ ನಡೆಯಬೇಕಾದ್ದಕ್ಕೆ ರ್‍ಯಾಕ್ ಕಂಪನಿಯ ವಿಸ್‌ಬ್ಲಾಕ್ 4631 ಮೇಲು: ಅದರ ಚಿಪ್ಪು ತೀರ ಕಡಿಮೆ ಕರೆಂಟು ಕುಡಿಯುತ್ತದೆ. ನಮ್ಮಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲವಲ್ಲ, ಇಲ್ಲಿ ಕಾಸು ಉಳಿಸಬಾರದು.

ಹೊಂದಿಸುವುದು

ಮೊದಲು ಆಂಟೆನಾ ತಿರುಗಿಸಿ ಬಿಗಿ ಮಾಡಿ, ಆಮೇಲೆ ಕರೆಂಟು ಕೊಡಿ. ಆಂಟೆನಾ ಇಲ್ಲದೆ ರೇಡಿಯೊ ಸಿಗ್ನಲ್ ಬಿಟ್ಟರೆ ಅದರ ಒಳಭಾಗ ಸುಟ್ಟುಹೋಗಬಹುದು. ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಾಕಿ, ಕ್ರೋಮ್ ಬ್ರೌಸರಿನಲ್ಲಿ ಮೆಶ್‌ಟಾಸ್ಟಿಕ್‌ನ ಫ್ಲಾಶರ್ ಪುಟ ತೆರೆದು ತಂತ್ರಾಂಶ ತುಂಬಿ. ಬಳಿಕ ಫೋನಿನಲ್ಲಿ ಅದರ ಆ್ಯಪ್ ಹಾಕಿ ಬೋರ್ಡನ್ನು ಜೋಡಿಸಿ.

ಆ್ಯಪ್‌ನ ರೀಜನ್ ಎಂಬಲ್ಲಿ ಭಾರತವನ್ನು ಆರಿಸಿ; 868 ಎಂದು ಬರೆದ ಬೋರ್ಡು ಆಗ ನಮ್ಮ ದೇಶದ 865–867ರಲ್ಲೇ ನಡೆಯುತ್ತದೆ. ಆರಿಸುವವರೆಗೆ ರೇಡಿಯೊ ಏನನ್ನೂ ಕಳಿಸುವುದಿಲ್ಲ. 865ರಿಂದ 867 ಮೆಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ಉಪಕರಣಗಳಿಗೆ ನಮ್ಮ ದೇಶದಲ್ಲಿ 2005ರಿಂದ ಲೈಸೆನ್ಸ್ ವಿನಾಯಿತಿಯಿದೆ. ಷರತ್ತುಗಳಲ್ಲಿ ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್ ಮೀರಬಾರದು, ಸಿಗ್ನಲ್ ಆವರಿಸುವ ಅಗಲ (ಬ್ಯಾಂಡ್‌ವಿಡ್ತ್) 200 ಕಿಲೋಹರ್ಟ್ಸ್ ಮೀರಬಾರದು ಎಂಬುವೂ ಇವೆ. ಬೋರ್ಡಿನಲ್ಲಿ ಮೊದಲೇ ಇರುವ ‘ಲಾಂಗ್ ಫಾಸ್ಟ್’ ಎಂಬ ಕಳಿಸುವ ಬಗೆ 250 ಕಿಲೋಹರ್ಟ್ಸ್ ಬಳಸುತ್ತದೆ. ಆದ್ದರಿಂದ 125 ಬಳಸುವ ‘ಲಾಂಗ್ ಮಾಡರೇಟ್’ಗೆ ಬದಲಿಸಿಕೊಳ್ಳಿ. ಇನ್ನಷ್ಟು ನಿಧಾನ, ಆದರೆ ದೂರಕ್ಕೆ ಒಳ್ಳೆಯದು. ಜಾಲದ ಎಲ್ಲರಲ್ಲೂ ಇದೇ ಆಯ್ಕೆ ಇರಲೇಬೇಕು, ಇಲ್ಲವಾದರೆ ಒಬ್ಬರದು ಒಬ್ಬರಿಗೆ ಕೇಳದು.

ಮೊದಲಿಂದ ಇರುವ ಚಾನೆಲ್‌ನ (ಗುಂಪಿನ) ಕೀಲಿ, ಅಂದರೆ ಸಂದೇಶ ಬೇರೆಯವರು ಓದದಂತೆ ಮುಚ್ಚುವ ಗುಟ್ಟಿನ ಸಂಕೇತ, ಲೋಕಕ್ಕೆಲ್ಲ ಗೊತ್ತು. ಊರಿನ ಹೆಸರಲ್ಲಿ ಹೊಸ ಚಾನೆಲ್ ಮಾಡಿ, ಹೊಸ ಕೀಲಿ ಹುಟ್ಟಿಸಿ, ಅದರ ಕ್ಯೂಆರ್ ಕೋಡನ್ನು ಎದುರಾ ಎದುರು ತೋರಿಸಿ ಹಂಚಿಕೊಳ್ಳಿ.

ಎತ್ತರ, ಎತ್ತರ, ಎತ್ತರ

ಎರಡು ತೋಟಗಳ ನಡುವೆ ಗುಡ್ಡವಿದ್ದರೆ ಎಷ್ಟೇ ದುಬಾರಿ ಆಂಟೆನಾ ಹಾಕಿದರೂ ಸಿಗ್ನಲ್ ಅದನ್ನು ಕೊರೆದು ಹೋಗುವುದಿಲ್ಲ. ನೆನೆದ ಎಲೆಗಳೂ ಅದನ್ನು ಹೀರುತ್ತವೆ. ಕಾಫಿ ಗಿಡದ ಸಾಲಿನೊಳಗೆ ಕೂತ ಹತ್ತು ರೇಡಿಯೊಗಳಿಗಿಂತ ನೆತ್ತಿಯ ಮೇಲಿನ ಒಂದು ಹೆಚ್ಚು ಕೆಲಸ ಮಾಡುತ್ತದೆ. ಎರಡೂ ಕಣಿವೆ ಕಾಣುವ, ಒಡೆಯರು ಒಪ್ಪಿದ ಜಾಗ ಹುಡುಕಿ. ಮುಳ್ಳಯ್ಯನಗಿರಿ ಎಷ್ಟೇ ಆಸೆ ಹುಟ್ಟಿಸಲಿ, ಕಾಡಿನ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕಟ್ಟಬೇಡಿ.

ಬೋರ್ಡನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು, ಕೇಬಲ್ ತೂತು ಕೆಳಮುಖವಾಗಿರಲಿ, ಇರುವೆ ನುಗ್ಗದಂತೆ ಸಿಲಿಕೋನ್ ಅಂಟು ಹಚ್ಚಿ. ಸಿಲ್ವರ್ ಓಕ್ ಮರಕ್ಕೆ ಕಟ್ಟುವುದಾದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೆನಪಿರಲಿ: ಮೋಡ ಕಟ್ಟಿದಾಗ ಮರ ಹತ್ತಬಾರದು, ಅಲ್ಲಿಂದ ಮನೆಗೆ ತಂತಿ ಎಳೆಯಬಾರದು.

ಆ್ಯಪ್‌ನಲ್ಲಿ ನೆತ್ತಿಯದಕ್ಕೆ ಮಾತ್ರ ‘ರೂಟರ್’ (ಸದಾ ದಾಟಿಸುವ) ಪಾತ್ರ ಕೊಡಿ, ಉಳಿದವೆಲ್ಲ ‘ಕ್ಲೈಂಟ್’ (ಸಾಮಾನ್ಯ ಬಳಕೆಯ) ಆಗಿರಲಿ. ಎಲ್ಲವೂ ರೂಟರ್ ಆದರೆ ಒಂದರ ಮೇಲೊಂದು ಬಿದ್ದು ಯಾರದೂ ಕೇಳದು. ಸಂದೇಶ ಎಷ್ಟು ಸಲ ದಾಟಬೇಕೆಂಬುದು 3 ಎಂದಿರುತ್ತದೆ; 7ರವರೆಗೆ ಏರಿಸಬಹುದು, ಆದರೆ ಗುಡ್ಡದಿಂದ ಗುಡ್ಡಕ್ಕೆ ಸರಪಳಿ ಉದ್ದವಾಗಿದ್ದರೆ ಮಾತ್ರ.

ಕನ್ನಡದಲ್ಲಿ ಬರೆಯುವವರಿಗೆ

ಒಂದು ಸಂದೇಶಕ್ಕೆ ಸುಮಾರು 200 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ವ್ಯಂಜನ, ಗುಣಿತದ ಗುರುತು, ಒತ್ತಿನ ಕೊಂಡಿಗೆ ಮೂರು ಬೇಕು. ‘ಕ್ಷೇಮ’ ಎಂಬುದಕ್ಕೇ 15. ಹಾಗೆಂದು ಕನ್ನಡ ಬಿಡಬೇಕಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯ ಹೆಂಗಸರೂ ಓದಬೇಕಾದ್ದು ಇದು. ಬದಲಿಗೆ ಗುರುತಿನ ಅಂಕಿ ಮಾಡಿಕೊಳ್ಳಿ: 1 ಕ್ಷೇಮ, 2 ರಸ್ತೆ ಬಂದ್, 3 ಆನೆ, 4 ಆಸ್ಪತ್ರೆಗೆ ಹೋಗಬೇಕು. ಅಂಕಿಯ ಮುಂದೆ ಜಾಗದ ಹೆಸರು. ಪಟ್ಟಿಯನ್ನು ಪ್ರತಿ ಮನೆಯ ಗೋಡೆಗೆ ಅಂಟಿಸಿ.

ಟಿಕ್ ಗುರುತನ್ನು ತಪ್ಪಾಗಿ ತಿಳಿಯಬೇಡಿ. ಗುಂಪಿಗೆ ಕಳಿಸಿದ ಸಂದೇಶಕ್ಕೆ ಟಿಕ್ ಬಂದರೆ ಯಾವುದೋ ಒಂದು ರೇಡಿಯೊ ಕೇಳಿಸಿಕೊಂಡಿದೆ ಎಂದಷ್ಟೇ ಅರ್ಥ. ಆಸ್ಪತ್ರೆ, ಆನೆಯಂಥ ವಿಷಯಕ್ಕೆ ‘ಸಿಕ್ಕಿತು’ ಎಂಬ ಮರುಬರಹ ಬರುವವರೆಗೆ ಬಿಡಬೇಡಿ. ಫೋನ್ ನಡೆಯುತ್ತಿದ್ದರೆ 112ಕ್ಕೇ ಕರೆ ಮಾಡಿ.

ಮೇ ತಿಂಗಳಲ್ಲಿ ಒಮ್ಮೆ ತೋಟದ ಮೂಲೆಮೂಲೆಯಿಂದ ಕಳಿಸಿ ನೋಡಿ, ಮೃಗಶಿರ ಮಳೆ ಬಿದ್ದು ಮರ ನೆನೆದ ಮೇಲೆ ಮತ್ತೊಮ್ಮೆ. ಎರಡನೆಯ ಸಲ ಎಲ್ಲಿ ಕೇಳಿಸಲಿಲ್ಲವೋ ಮುಂದಿನ ರೇಡಿಯೊ ಅಲ್ಲಿಗೆ.